ದೊಡ್ಡ ಟೈರ್ ಹಾಕಿದರೆ ಏನಾಗುತ್ತದೆ? ‘ಬಿಗ್‌ಫುಟ್’ ಟ್ರಕ್ಕಿನ ಕಥೆ

ಅಮೆರಿಕದ ಸೇಂಟ್ ಲೂಯಿಸ್ ನಗರದ ಬಳಿ ವಾಸವಾಗಿದ್ದ ಬಾಬ್ ಚಾಂಡ್ಲರ್ ಅವರಿಗೆ ಕೆಸರು, ಹಳ್ಳದಿಣ್ಣೆಗಳಲ್ಲಿ ಪಿಕಪ್ ಟ್ರಕ್ ಓಡಿಸುವ ಹವ್ಯಾಸವಿತ್ತು. ಅವರದು 1974ರ ಮಾದರಿಯ ಫೋರ್ಡ್ ಎಫ್-250. ಮುರಿದ ಬಿಡಿಭಾಗಗಳು ಸುತ್ತಮುತ್ತ ಸುಲಭವಾಗಿ ಸಿಗದ ಕಾರಣ 1975ರಲ್ಲಿ ತಾವೇ ಅಂಥ ಅಂಗಡಿ ತೆರೆದರು. ಆಕ್ಸಿಲರೇಟರನ್ನು ಬಲವಾಗಿ ತುಳಿಯುವುದರಿಂದಲೇ ಇಷ್ಟೆಲ್ಲ ಮುರಿಯುತ್ತದೆ ಎಂದು ಅಂಗಡಿಯ ಮ್ಯಾನೇಜರ್ ಅವರನ್ನು ‘ಬಿಗ್‌ಫುಟ್’ (ದೊಡ್ಡ ಪಾದ) ಎಂದು ಛೇಡಿಸಿದರು. ಆ ಹೆಸರು ಟ್ರಕ್ಕಿಗೇ ಅಂಟಿಕೊಂಡಿತು.

ಆದರೆ ತಪ್ಪು ಪಾದದ್ದು ಮಾತ್ರವಲ್ಲ. ಚಾಂಡ್ಲರ್ ಟೈರುಗಳ ಗಾತ್ರವನ್ನು ಹೆಚ್ಚಿಸುತ್ತಲೇ ಹೋಗಿದ್ದರು. 1970ರ ದಶಕ ಮುಗಿಯುವ ಹೊತ್ತಿಗೆ ಟ್ರಕ್ಕಿಗೆ 48 ಇಂಚು ವ್ಯಾಸದ ಟೈರುಗಳು ಬಂದಿದ್ದವು.

ಒಂದೂವರೆ ಪಟ್ಟಿನ ಲೆಕ್ಕ

ಲೆಕ್ಕದ ಅನುಕೂಲಕ್ಕಾಗಿ ಮೊದಲಿನ ಟೈರಿನ ವ್ಯಾಸ 32 ಇಂಚು ಎಂದಿಟ್ಟುಕೊಳ್ಳೋಣ. 48 ಇಂಚು ಅದರ ಒಂದೂವರೆ ಪಟ್ಟು. ಎಂಜಿನ್ ಮತ್ತು ಗಿಯರುಗಳು ಬದಲಾಗದಿದ್ದರೆ ಚಕ್ರಕ್ಕೆ ದೊರೆಯುವ ಟಾರ್ಕ್ ಮೊದಲಿನಷ್ಟೇ. ಟಾರ್ಕ್ ಎಂದರೆ ಬಲ ಮತ್ತು ತ್ರಿಜ್ಯಗಳ ಗುಣಲಬ್ಧ. ತ್ರಿಜ್ಯ ಒಂದೂವರೆ ಪಟ್ಟಾದಾಗ ನೆಲವನ್ನು ತಳ್ಳುವ ಬಲ ಮೂರರಲ್ಲಿ ಎರಡು ಭಾಗಕ್ಕೆ ಇಳಿಯುತ್ತದೆ. ಬ್ರೇಕಿನ ಬಲಕ್ಕೂ ಇದೇ ಗತಿ.

ವೇಗಮಾಪಕ ಅಳೆಯುವುದು ಸುತ್ತುಗಳನ್ನು. ಚಕ್ರದ ಪರಿಧಿ ಹೆಚ್ಚಿದ್ದು ಅದಕ್ಕೆ ತಿಳಿಯದು. ಅದು 60 ಕಿ.ಮೀ. ಎಂದು ತೋರಿಸುವಾಗ ನಿಜವಾದ ವೇಗ 90 ಕಿ.ಮೀ. ಆಗಿರುತ್ತದೆ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ಅದು 2.25 ಪಟ್ಟು. ಬ್ರೇಕ್ ಬಲವೋ ಮೂರರಲ್ಲಿ ಎರಡು ಭಾಗ! ಮೊದಲಿನಷ್ಟೇ ಒತ್ತಿ ಬ್ರೇಕ್ ತುಳಿದರೆ ವಾಹನ ನಿಲ್ಲಲು ಮೂರು ಪಟ್ಟಿಗೂ ಹೆಚ್ಚು ದೂರ ಬೇಕು. ಚಾಲಕನಿಗೆ ಮಾತ್ರ ತಾನು 60ರಲ್ಲೇ ಇದ್ದೇನೆಂಬ ಭ್ರಮೆ.

ಆಕ್ಸಲ್ ಮುರಿಯುವುದೇಕೆ? ಚಕ್ರ ಜಾರುವ ಮುನ್ನ ನೆಲ ಕೊಡಬಲ್ಲ ಗರಿಷ್ಠ ಬಲವು ಘರ್ಷಣೆಯನ್ನು ಅವಲಂಬಿಸಿದೆ. ಅದೇ ಬಲ ಈಗ ಉದ್ದವಾದ ತ್ರಿಜ್ಯದ ತುದಿಯಲ್ಲಿ ಕೆಲಸ ಮಾಡುತ್ತದೆ. ಮೊದಲು ಜಾರಿ ಪಾರಾಗುತ್ತಿದ್ದ ಚಕ್ರ ಈಗ ಕಚ್ಚಿ ಹಿಡಿಯುತ್ತದೆ, ಆಕ್ಸಲ್ ಸೋಲುತ್ತದೆ. ಇನ್ನು ಲಾಭವೆಷ್ಟು? ವ್ಯಾಸ 16 ಇಂಚು ಹೆಚ್ಚಿದರೂ ಆಕ್ಸಲ್ ನೆಲದಿಂದ ಮೇಲೇರುವುದು 8 ಇಂಚು ಮಾತ್ರ. ಟೈರಿಗೆ ಜಾಗ ಮಾಡಲು ಬಾಡಿಯನ್ನೂ ಎತ್ತಬೇಕು. ಗುರುತ್ವ ಕೇಂದ್ರ ಮೇಲೇರಿ, ತಿರುವುಗಳಲ್ಲಿ ಮಗುಚುವ ಅಪಾಯ ಹೆಚ್ಚುತ್ತದೆ.

ಉಳಿದದ್ದು ಆಕಾರ

ಚಾಂಡ್ಲರ್ ಒಂದೊಂದಾಗಿ ಉತ್ತರ ಹುಡುಕಿದರು. ಸೇನೆಯ ಲಾರಿಗಳ ಆಕ್ಸಲ್‌ಗಳನ್ನು ಜೋಡಿಸಿದರು. ಅವು ಗಟ್ಟಿ, ಗಿಯರ್ ಅನುಪಾತವೂ ಹೆಚ್ಚು. ಎಂಜಿನ್ ದೊಡ್ಡದಾಯಿತು, ಹಿಂದಿನ ಚಕ್ರಗಳಿಗೂ ಸ್ಟೀರಿಂಗ್ ಬಂತು. 1981ರಲ್ಲಿ ಟ್ರಕ್ಕು ಹೊಲವೊಂದರಲ್ಲಿ ಎರಡು ಹಳೆಯ ಕಾರುಗಳನ್ನು ಹತ್ತಿ ಅಪ್ಪಚ್ಚಿ ಮಾಡಿತು. ‘ಮಾನ್‌ಸ್ಟರ್ ಟ್ರಕ್’ ಪ್ರದರ್ಶನಗಳು ಜನಪ್ರಿಯವಾಗಲು ಇದು ನಾಂದಿಯಾಯಿತು. 1982ರ ಎರಡನೆಯ ಬಿಗ್‌ಫುಟ್‌ಗೆ 66 ಇಂಚಿನ ಟೈರುಗಳು.

1986ರ ಐದನೆಯ ಬಿಗ್‌ಫುಟ್‌ನ ಟೈರುಗಳ ಎತ್ತರ 10 ಅಡಿ! ಇವು 1950ರ ದಶಕದಲ್ಲಿ ಅಮೆರಿಕದ ಸೇನೆಗಾಗಿ ನಿರ್ಮಿಸಿದ, ಹಿಮದ ಮೇಲೆ ಸಾಗುವ ಹಳಿಯಿಲ್ಲದ ‘ರೈಲಿ’ನ ಟೈರುಗಳು. ಭಾರವನ್ನು ಹೆಚ್ಚು ವಿಸ್ತೀರ್ಣಕ್ಕೆ ಹಂಚಿ, ಹಿಮದ ಮೇಲಿನ ಒತ್ತಡವನ್ನು ತಗ್ಗಿಸುವುದು ಅವುಗಳ ಮೂಲ ಉದ್ದೇಶವಾಗಿತ್ತು.

1989ರ ಎಂಟನೆಯ ಬಿಗ್‌ಫುಟ್ ಹೊತ್ತಿಗೆ ಚಾಸಿಯೂ ಹೋಯಿತು. ಉಕ್ಕಿನ ಕೊಳವೆಗಳ ಹೊಸ ಚೌಕಟ್ಟು ಬಂತು. ಟೈರ್ ಬದಲಿಸುವುದರಿಂದ ಆರಂಭವಾದ ಕೆಲಸ ಹದಿನೈದು ವರ್ಷಗಳಲ್ಲಿ ಪಿಕಪ್ಪಿನ ಆಕಾರವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಬದಲಿಸಿತ್ತು. ವಾಹನದ ಪ್ರತಿ ಭಾಗವೂ ಇನ್ನೊಂದರ ಅಳತೆಯನ್ನು ನಂಬಿಕೊಂಡೇ ತಯಾರಾಗಿರುತ್ತದೆ. ದೊಡ್ಡ ಟೈರ್ ಹಾಕುವ ಆಸೆಯಾದವರು ಮೊದಲು ತ್ರಿಜ್ಯ ಅಳೆದು, ಬ್ರೇಕಿನ ಲೆಕ್ಕವನ್ನೊಮ್ಮೆ ಮಾಡಿ ನೋಡುವುದು ಒಳ್ಳೆಯದು.