ಜಪಾನಿನ ರಾಷ್ಟ್ರೀಯತಾ ಶಾಸನದಲ್ಲಿ ಅವಿವಾಹಿತರ ಸಂತಾನ

ಕಾಲ ಕಳೆದಂತೆಲ್ಲ ಶಾಸನಗಳು ಉದಾರವಾಗುತ್ತ ಬರುವುವೆಂಬ ಭಾವನೆ ಸಾಮಾನ್ಯವಾಗಿ ಉಂಟು. ಸ್ವದೇಶದ ತಂದೆಗೂ ಪರದೇಶದ ತಾಯಿಗೂ ವಿವಾಹವಿಲ್ಲದೆ ಜನಿಸಿದ ಮಕ್ಕಳ ವಿಷಯದಲ್ಲಿ ಜಪಾನಿನ ಚರಿತ್ರೆಯು ಇದನ್ನು ಸಮರ್ಥಿಸುವುದಿಲ್ಲ.

1899ರ ರಾಷ್ಟ್ರೀಯತಾ ಶಾಸನವು ತಂದೆಯ ವಂಶವನ್ನೇ ಪ್ರಧಾನವಾಗಿ ಎಣಿಸಿದ್ದಿತು. ಆದರೂ ವಿವಾಹಬಾಹಿರವಾಗಿ ಹುಟ್ಟಿದ ಮಗುವನ್ನು ಜಪಾನೀ ತಂದೆಯು ತನ್ನದೆಂದು ವಿಧಿವತ್ತಾಗಿ ಅಂಗೀಕರಿಸಿದರೆ, ಅದು ಅಪ್ರಾಪ್ತವಯಸ್ಕವಾಗಿರಬೇಕೆಂಬುದೇ ಮೊದಲಾದ ನಿಬಂಧನೆಗಳಿಗೊಳಪಟ್ಟು, ಆ ದೇಶದ ಪ್ರಜೆಯಾಗುತ್ತಿದ್ದಿತು. 1950ರ ನೂತನ ಶಾಸನವು ಈ ಬಾಗಿಲನ್ನು ಮುಚ್ಚಿತು. ಒಬ್ಬನು ಮಾಡಿದ ಅಂಗೀಕಾರದಿಂದ ಮತ್ತೊಬ್ಬನ ರಾಷ್ಟ್ರೀಯತೆಯು ಅವನ ಇಚ್ಛೆಯನ್ನು ಕೇಳದೆ ಬದಲಾಗಲಾಗದೆಂಬುದು ಆಗಿನ ತರ್ಕ. ಮಗುವಿನ ಸ್ವಾತಂತ್ರ್ಯದ ಹೆಸರಿನಲ್ಲಿ ಮಗುವಿಗೇ ನಷ್ಟವಾದುದು ವಿಚಿತ್ರವೇ ಸರಿ.

1985ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ತಾಯಿಯ ಮೂಲಕವೂ ರಾಷ್ಟ್ರೀಯತೆ ಲಭಿಸುವಂತಾಯಿತು. ಆದರೆ ಜನನಾನಂತರ ತಂದೆಯು ಅಂಗೀಕರಿಸಿದ ಮಗುವಿಗೆ, ತಾಯಿತಂದೆಗಳು ಪರಸ್ಪರ ವಿವಾಹವಾದರೆ ಮಾತ್ರ ಅದು ದೊರೆಯಬಹುದಾಗಿದ್ದಿತು. ಗರ್ಭದಲ್ಲಿರುವಾಗಲೇ ಅಂಗೀಕೃತವಾದ ಶಿಶುವಾದರೋ ಹುಟ್ಟಿನಿಂದಲೇ ಜಪಾನೀಯ. ಆದಕಾರಣ ಒಂದೇ ತಾಯಿತಂದೆಗಳ ಮಕ್ಕಳಲ್ಲಿ ಅಣ್ಣನು ಪರಕೀಯನೂ ತಂಗಿಯು ಸ್ವದೇಶೀಯಳೂ ಆಗುವ ಸಂಭವವಿದ್ದಿತು. (ಕಾನೀನ, ಸಹೋಢ ಎಂದು ಪುತ್ರರನ್ನು ವಿಂಗಡಿಸಿದ ನಮ್ಮ ಸ್ಮೃತಿಕಾರರೂ ಗರ್ಭಕ್ಕೂ ವಿವಾಹಕ್ಕೂ ಇರುವ ಕಾಲಸಂಬಂಧವನ್ನು ಎಣಿಸಿದವರೇ, ಅವರ ಪ್ರಶ್ನೆ ಮಾತ್ರ ದಾಯಭಾಗದ್ದು.)

ಜಪಾನಿನಲ್ಲಿ ರಹದಾರಿ, ಎಂದರೆ ಪಾಸ್‌ಪೋರ್ಟು, ಮೊದಲಬಾರಿಗೆ ದೊರೆಯಬೇಕಾದರೆ ಕೊಸೆಕಿ ಎಂಬ ಕುಟುಂಬದಾಖಲೆಯ ಆಧಾರ ಬೇಕು. 1872ರಲ್ಲಿ ದೇಶವ್ಯಾಪಿಯಾಗಿ ಸಿದ್ಧವಾದ ಈ ದಾಖಲೆಯು ರಾಷ್ಟ್ರೀಯರಿಗೆ ಮಾತ್ರ ಮೀಸಲು. ತಂದೆಯ ಕೊಸೆಕಿಯಲ್ಲಿ ಅವನು ಇಂಥ ಮಗುವನ್ನು ಅಂಗೀಕರಿಸಿದನೆಂದು ಬರೆದುಕೊಳ್ಳುವರು. ಆ ಮಗುವಿಗೆ ಅಲ್ಲಿ ಸದಸ್ಯತ್ವವಿಲ್ಲ. ಅಧಿಕಾರಿಗಳ ಲೇಖನಿಯೇ ಪಿತೃತ್ವವನ್ನು ಒಪ್ಪಿ, ಪುತ್ರನನ್ನು ಹೊರಗಿಟ್ಟ ಹಾಗಾಯಿತು. ವಾಸದ ಅನುಮತಿಯೂ ಇಲ್ಲದವರಿಗೆ ಗಡೀಪಾರಿನ ಭಯವಿದ್ದಿತು.

ಫಿಲಿಪ್ಪೀನ್ಸಿನ ತಾಯಂದಿರ ಹತ್ತು ಮಕ್ಕಳ ಪರವಾಗಿ ಎರಡು ವ್ಯಾಜ್ಯಗಳು ನಡೆದುವು. ಟೋಕಿಯೋ ಜಿಲ್ಲಾ ನ್ಯಾಯಾಲಯದಲ್ಲಿ ಅವರಿಗೆ ಜಯವಾಯಿತು, ಉಚ್ಚ ನ್ಯಾಯಾಲಯದಲ್ಲಿ ಅಪಜಯ. 2008ರ ಜೂನ್ 4ರಂದು ಪರಮೋಚ್ಚ ನ್ಯಾಯಾಲಯದ ಹದಿನೈದು ಮಂದಿಯ ಪೂರ್ಣಪೀಠವು ಬಹುಮತದಿಂದ ಮಕ್ಕಳ ಪಕ್ಷವನ್ನು ಎತ್ತಿಹಿಡಿಯಿತು. ತಾಯಿತಂದೆಗಳ ವಿವಾಹವು ಮಗುವಿನ ಇಚ್ಛೆಗೂ ಪ್ರಯತ್ನಕ್ಕೂ ಒಳಪಟ್ಟುದಲ್ಲವಾದುದರಿಂದ, ಅದನ್ನು ನಿಮಿತ್ತಮಾಡಿಕೊಂಡು ಭೇದವೆಣಿಸುವುದು ರಾಜ್ಯಾಂಗದ 14ನೆಯ ವಿಧಿಗೆ ವಿರುದ್ಧವೆಂದಿತು. ಅದೇ ಡಿಸೆಂಬರಿನಲ್ಲಿ ಶಾಸನವು ತಿದ್ದಲ್ಪಟ್ಟಿತು. 2009ರ ಜನವರಿ 1ರಿಂದ ವಿವಾಹದ ನಿಬಂಧನೆ ಇಲ್ಲವಾಯಿತು. 1899ರಲ್ಲಿ ಇದ್ದುದೇ ಬಹುಮಟ್ಟಿಗೆ ಮರಳಿತು. ಭೇದವಿಷ್ಟೆ: ಈಗ ಮಗುವಿನ ಕಡೆಯಿಂದ ನಿವೇದನೆ ಸಲ್ಲಬೇಕು.

ಸುಳ್ಳು ಅಂಗೀಕಾರದ ಶಂಕೆಯಿಂದ, ಮಿಥ್ಯಾ ನಿವೇದನೆಗೆ ಆಗಲೇ ಶಿಕ್ಷೆಯನ್ನು ವಿಧಿಸಿದರು. 2024ರ ಏಪ್ರಿಲ್ 1ರಿಂದ ಜಾರಿಯಾದ ಮತ್ತೊಂದು ಉಪವಿಧಿಯ ಪ್ರಕಾರ, ಅಂಗೀಕಾರವು ವಾಸ್ತವಕ್ಕೆ ವಿರುದ್ಧವಾಗಿದ್ದರೆ ಅದರಿಂದ ರಾಷ್ಟ್ರೀಯತೆಯು ಪ್ರಾಪ್ತವಾಗುವುದಿಲ್ಲ.