ಕುಂತಲದ ಅರಮನೆಯಿಂದ ಕೈಪಟ್ಟಿಯ ಬಕಲ್‌ವರೆಗೆ

ಜೀಡಿಮೆಟ್ಲಾದ ಶೆಡ್ಡುಗಳಲ್ಲಿ ಪಾಳಿ ಮುಗಿಸಿ, ರೂಮಿಗೆ ಬಂದು ನಮ್ಮ ಕನ್ನಡದ ಹೊತ್ತಿಗೆ ಸರಿಯಾಗಿ ರೇಡಿಯೊ ಹಚ್ಚುವ ಕೇಳುಗ ಮಿತ್ರರೇ, ಈ ಸಲದ ಇತಿಹಾಸದ ಪುಟ ದೊಡ್ಡವರಿಗೆ ಮಾತ್ರ. ಮನೆಯಲ್ಲಿ ಮಕ್ಕಳು ಈ ಪತ್ರಿಕೆ ಓದುವ ರೂಢಿಯಿದ್ದರೆ ಇದೊಂದು ಹಾಳೆ ಮಡಚಿ ಎತ್ತಿಟ್ಟುಬಿಡಿ.

ವಿಷಯ ಇಷ್ಟೇ. ಗಂಡ ಹೆಂಡತಿ, ಅಥವಾ ಒಪ್ಪಿ ಕೂಡಿದ ಇಬ್ಬರು ವಯಸ್ಕರು, ಏಕಾಂತದ ಸರಸದಲ್ಲಿ ಒಬ್ಬರ ಕೈಯನ್ನು ಇನ್ನೊಬ್ಬರು ಕಟ್ಟಿ ಆಡುವುದುಂಟು. ಅದಕ್ಕೆ ಬಳಸುವ ಕೈಪಟ್ಟಿಗೆ ಮಾರುವವರು ಕಫ್ಸ್ ಅನ್ನುತ್ತಾರೆ. ಎಂಥದ್ದನ್ನು ಆರಿಸಬೇಕು ಎಂದು ಯಾರನ್ನು ಕೇಳುವುದು? ಅಣ್ಣನನ್ನು ಕೇಳುವಂತಿಲ್ಲ, ಮೆಡಿಕಲ್ ಅಂಗಡಿಯವನ ಮುಂದೆ ಬಾಯಿ ಬರುವುದಿಲ್ಲ. ಕೊನೆಗೆ ಮೊಬೈಲಿನಲ್ಲಿ ಫೋಟೊ ನೋಡಿ ಹೊಳೆಯುವ ಉಕ್ಕಿನ ಬೇಡಿಯನ್ನೇ ತರಿಸುತ್ತೀರಿ. ಅದು ಯಾಕೆ ತಪ್ಪು ಆಯ್ಕೆ ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಇದೆಲ್ಲ ಇಂಗ್ಲಿಷ್ ಸಿನಿಮಾದಿಂದ ಬಂದ ಚಾಳಿ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಸರಸದಲ್ಲಿ ಬಲ ಎಷ್ಟು, ಎಲ್ಲಿ ನಿಲ್ಲಿಸಬೇಕು ಎಂಬ ಚರ್ಚೆ ನಮ್ಮ ನೆಲದ್ದೇ. ಸುಮಾರು 1700 ವರ್ಷಗಳ ಹಿಂದೆ ವಾತ್ಸ್ಯಾಯನ ಕಾಮಸೂತ್ರದಲ್ಲಿ ಇದಕ್ಕೆ ಒಂದು ಅಧ್ಯಾಯವನ್ನೇ ಕೊಟ್ಟಿದ್ದಾನೆ. ಸರಸದ ಹೊಡೆತಗಳನ್ನು ವಿವರಿಸುತ್ತಾ, ದಕ್ಷಿಣದವರಲ್ಲಿ ಇನ್ನೂ ನಾಲ್ಕು ಬಗೆ ಹೆಚ್ಚಿಗೆ ಇವೆ ಎನ್ನುತ್ತಾನೆ: ಕೀಲ, ಕರ್ತರಿ, ವಿದ್ಧ, ಸಂದಂಶಿಕ. ಹೆಸರು ಬೆಣೆ, ಕತ್ತರಿ, ಇಕ್ಕಳ ಎಂಬಂತೆ ಕೇಳಿಸಿದರೂ ಇವು ಕೈಬೆರಳುಗಳನ್ನು ಹಿಡಿಯುವ ವಿನ್ಯಾಸಗಳೆಂದು ಟೀಕಾಕಾರರು ವಿವರಿಸುತ್ತಾರೆ. ಇವುಗಳ ಬಗ್ಗೆ ವಾತ್ಸ್ಯಾಯನನಿಗೆ ಒಳ್ಳೆಯ ಅಭಿಪ್ರಾಯವಿಲ್ಲ. ಯಾಕೆಂದು ತೋರಿಸಲು ಮೂರು ಅನಾಹುತಗಳನ್ನು ಹೆಸರು ಸಮೇತ ಹೇಳುತ್ತಾನೆ. ಚೋಳರಾಜನೊಬ್ಬ ಚಿತ್ರಸೇನೆಯೆಂಬ ಗಣಿಕೆಯನ್ನು ಕೀಲದ ಹೊಡೆತದಿಂದ ಕೊಂದ. ಕೈ ಊನವಾಗಿದ್ದ ನರದೇವ ಎಂಬವನು ವಿದ್ಧವನ್ನು ತಪ್ಪಾಗಿ ಬಳಸಿ ನಟಿಯೊಬ್ಬಳ ಕಣ್ಣು ಕಳೆದ. ಮೂರನೆಯದು ನಮ್ಮ ಕಡೆಯದು: ಕುಂತಲದ ಶಾತಕರ್ಣಿ ಶಾತವಾಹನ ಕರ್ತರಿಯಿಂದ ತನ್ನ ಮಹಾದೇವಿ ಮಲಯವತಿಯನ್ನು ಕೊಂದ.

ಕುಂತಲ ಎಂದರೆ ಕನ್ನಡನಾಡಿನ ಹಳೆಯ ಹೆಸರುಗಳಲ್ಲೊಂದು. ಶಾತವಾಹನರು ನಿಮಗೆ ದೂರದವರೇನಲ್ಲ. ಸಂಗಾರೆಡ್ಡಿ ಜಿಲ್ಲೆಯ ಕೊಂಡಾಪುರದಲ್ಲಿ (ಹೈಟೆಕ್ ಸಿಟಿ ಪಕ್ಕದ ಕೊಂಡಾಪುರ ಅಲ್ಲ) ಅವರ ಕಾಲದ ಪಟ್ಟಣವೇ ಮಣ್ಣಿನಡಿ ಸಿಕ್ಕಿದೆ. ಕಲಬುರಗಿ ಜಿಲ್ಲೆಯ ಸನ್ನತಿಯ ಹತ್ತಿರ ಕನಗನಹಳ್ಳಿಯಲ್ಲಿ ಆ ವಂಶದ ರಾಜರ ಶಿಲ್ಪಗಳು ಹೆಸರಿನೊಂದಿಗೆ ಇವೆ. ಮಲಯವತಿಯ ಕಥೆ ನಡೆದದ್ದೋ, ಆಗಿನ ಕಾಲದ ಗುಸುಗುಸು ಸುದ್ದಿಯೋ, ಬೇರೆ ಸಾಕ್ಷಿ ಇಲ್ಲದೆ ತೀರ್ಮಾನಿಸುವಂತಿಲ್ಲ. ಆದರೆ ಎಚ್ಚರಿಕೆ ಹೇಳಲು ವಾತ್ಸ್ಯಾಯನ ಅದನ್ನೇ ಆರಿಸಿಕೊಂಡ.

ಆ ಮೂರೂ ಕಥೆಗಳಲ್ಲಿ ಹೊಡೆದವರು ಯಾರು, ಪೆಟ್ಟು ತಿಂದವರು ಯಾರು ಎಂದು ಒಮ್ಮೆ ನೋಡಿ. ಇಬ್ಬರು ರಾಜರು, ಮೂರನೆಯವನನ್ನು ಪಾಂಡ್ಯರ ಸೇನಾಪತಿಯೆಂದು ಟೀಕೆ ಗುರುತಿಸುತ್ತದೆ. ಈ ಕಡೆ ಒಬ್ಬ ಗಣಿಕೆ, ಒಬ್ಬ ನಟಿ, ಒಬ್ಬ ರಾಣಿ. ಸಾಕು, ನಿಲ್ಲಿಸಿ ಎಂದು ಆ ಹೆಂಗಸರು ಹೇಳಿದರೋ ಇಲ್ಲವೋ ಯಾರೂ ಬರೆದಿಡಲಿಲ್ಲ. ಹೇಳಿದ್ದರೂ ಅರಸನಿಗೆ ಕೇಳಿಸುತ್ತಿತ್ತೇ? ಆವೇಗ ಹತ್ತಿದ ಮನುಷ್ಯನನ್ನು ವಾತ್ಸ್ಯಾಯನ ನಾಗಾಲೋಟದ ಕುದುರೆಗೆ ಹೋಲಿಸುತ್ತಾನೆ. ಎದುರಿಗಿನ ಗುಂಡಿ ಅದಕ್ಕೆ ಕಾಣುವುದಿಲ್ಲ. ಆದ್ದರಿಂದ ಎದುರಿನವರ ಮೈ ಎಷ್ಟು ಮೃದು, ತನ್ನ ಬಲ ಎಷ್ಟು ಎಂದು ಮೊದಲೇ ಅಳೆದುಕೊಳ್ಳಬೇಕು ಎಂಬುದು ಅವನ ಸಲಹೆ. ಒಂದು ಊರಿನ ರೂಢಿ ಅಂತ ಅಪಾಯದ್ದನ್ನು ಒಪ್ಪಬಾರದು ಎಂದೂ ಸೇರಿಸುತ್ತಾನೆ.

ಈ ಶಾಸ್ತ್ರ ಕನ್ನಡಕ್ಕೂ ಬೇಗ ಬಂತು. ಕಲ್ಯಾಣದ ಚಾಲುಕ್ಯ ಇಮ್ಮಡಿ ಜಯಸಿಂಹನ ಕಾಲದಲ್ಲಿ, 11ನೇ ಶತಮಾನದಲ್ಲಿ, ಚಂದ್ರರಾಜ ಎಂಬ ಕವಿ ‘ಮದನತಿಲಕ’ ಬರೆದ. ಆ ಅರಸರ ಕನ್ನಡ ಶಾಸನಗಳು ಹೈದರಾಬಾದಿನ ಆಚೆಯ ಕೊಲನುಪಾಕದವರೆಗೂ ಇವೆ. 13ನೇ ಶತಮಾನದ ಜನ್ನನ ಹೆಸರಿನಲ್ಲೂ ‘ಅನುಭವಮುಕುರ’ ಎಂಬ ಕಾಮಶಾಸ್ತ್ರದ ಕೃತಿಯಿದೆ. ಅಂದರೆ ಈ ಮಾತನ್ನು ಕನ್ನಡದಲ್ಲಿ ಆಡಲು ನಾಚಬೇಕಾಗಿಲ್ಲ, ಕೇಳುಗರೇ. ಜನ್ನ ನಾಚಲಿಲ್ಲ.

ಈಗ ಬೇಡಿಯ ಕಡೆ ಬರೋಣ. ಪೊಲೀಸರ ಕೈಯಲ್ಲಿ ನೀವು ನೋಡುವ ಹಲ್ಲಿನ ಬೇಡಿಯ ಮೂಲ ಅಮೆರಿಕದಲ್ಲಿ 1862ರಲ್ಲಿ ಆಡಮ್ಸ್ ಎಂಬವರು ಪಡೆದ ಪೇಟೆಂಟ್. ಮಣಿಕಟ್ಟು ದಪ್ಪವಿರಲಿ ತೆಳ್ಳಗಿರಲಿ, ಹಲ್ಲು ಹಲ್ಲಾಗಿ ಬಿಗಿಯಾಗುವ ಉಪಾಯ ಅದು. 1912ರ ಪೀರ್‌ಲೆಸ್ ಮಾದರಿಯಲ್ಲಿ ಒಂದೇ ಕೈಯಲ್ಲಿ ಟಪ್ಪೆಂದು ತೊಡಿಸುವ ಅನುಕೂಲ ಬಂತು. ಎರಡರ ಗುರಿಯೂ ಒಂದೇ: ತೊಟ್ಟವನು ಬಿಡಿಸಿಕೊಳ್ಳಬಾರದು. ಕೊಸರಾಡಿದಷ್ಟೂ ಅದು ಬಿಗಿಯುತ್ತದೆ. ಹಾಗಾಗದಂತೆ ತಡೆಯಲು ಪೊಲೀಸ್ ಬೇಡಿಗೆ ಎರಡನೇ ಲಾಕ್ ಇರುತ್ತದೆ. ಆಟಿಕೆಯೆಂದು ಮಾರುವ ಅಗ್ಗದ ಬೇಡಿಗಳಲ್ಲಿ ಎಷ್ಟೋ ಸಲ ಅದೇ ಇರುವುದಿಲ್ಲ.

ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಕಡೆ, ಚರ್ಮದ ಕೆಳಗೇ, ಒಂದು ತೆಳು ನರ ಹೋಗುತ್ತದೆ. ಬಿಗಿಯಾದ ವಾಚ್ ಪಟ್ಟಿಯಿಂದಲೂ ಅದು ನಲುಗಬಹುದು. ಈ ತೊಂದರೆಯನ್ನು 1932ರಲ್ಲಿ ನರವೈದ್ಯ ವಾರ್ಟೆನ್‌ಬರ್ಗ್ ವಿವರಿಸಿದರು. ಬೇಡಿ ತೊಡಿಸಿಕೊಂಡ ಕೈದಿಗಳಲ್ಲಿ ಇದು ಎಷ್ಟು ಸಾಮಾನ್ಯವೆಂದರೆ ವೈದ್ಯರು ಇದನ್ನು ಬೇಡಿಯ ಹೆಸರಿನಿಂದಲೇ ಕರೆಯುವುದುಂಟು. ಹೆಬ್ಬೆರಳಿನ ಹಿಂಬದಿ ಮರಗಟ್ಟಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಾಗೇ ಉಳಿಯುತ್ತದೆ. ಮೆಷಿನ್ ಮೇಲೆ ಕೆಲಸ ಮಾಡುವವರಿಗೆ ಇದು ಹೊಟ್ಟೆಪಾಡಿನ ವಿಷಯ. ಇನ್ನು ಕಬ್ಬಿಣದ ಬೇಡಿ ಮನುಷ್ಯನ ಘನತೆಗೆ ಕುಂದು ಎಂದು 1980ರಲ್ಲೇ ಸುಪ್ರೀಂ ಕೋರ್ಟ್ ಹೇಳಿತು. ವಿನಾಕಾರಣ ಬೇಡಿ ತೊಡಿಸಿದ ಪ್ರಕರಣವೊಂದರಲ್ಲಿ ಕರ್ನಾಟಕ ಹೈಕೋರ್ಟ್ 2022ರಲ್ಲಿ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು.

ಮೆತ್ತನೆಯ ಪಟ್ಟಿಯ ವಂಶ ಬೇರೆ, ಅದು ಆಸ್ಪತ್ರೆಯದು. 18ನೇ ಶತಮಾನದ ಕೊನೆಯಲ್ಲಿ ಪ್ಯಾರಿಸಿನ ಮಾನಸಿಕ ರೋಗಿಗಳ ಸರಪಳಿ ಕಳಚತೊಡಗಿದ ಮೇಲೆ ಬಟ್ಟೆ, ತೊಗಲಿನ ಅಗಲ ಪಟ್ಟಿಗಳು ಅದರ ಜಾಗಕ್ಕೆ ಬಂದವು. ಅಗಲವಿದ್ದರೆ ಒತ್ತಡ ಹರಡುತ್ತದೆ, ಒಳಗೆ ಮೆತ್ತೆಯಿದ್ದರೆ ಅಂಚು ಕೊರೆಯುವುದಿಲ್ಲ. ಸರಸದ ಮಾತಿನ ನಡುವೆ ಈ ಹೆಸರು ತರಲು ನನಗೆ ಹಿಂಜರಿಕೆಯಿದೆ, ಆದರೂ ಹೇಳುತ್ತೇನೆ: 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಗುಡಿಸಲಿಗೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ರೋಗಿಗಳು ಎದ್ದು ಓಡಲಾಗದೆ ಸತ್ತರು. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಕಟ್ಟಿಸಿಕೊಂಡವರು ಕರೆಂಟು ಹೋದರೂ, ಹೊಗೆ ಬಂದರೂ, ಕಟ್ಟಿದವರನ್ನೇ ನಂಬಿರುತ್ತಾರೆ. ಅವರನ್ನು ಒಂಟಿಯಾಗಿ ಬಿಟ್ಟು ಒಂದು ನಿಮಿಷ ಸಿಗರೇಟು ತರಲು ಕೂಡ ಇಳಿಯಬೇಡಿ.

ಹಾಗಾಗಿ ಕೊಳ್ಳುವಾಗ ಎಷ್ಟು ಗಟ್ಟಿ ಎಂದು ನೋಡುವ ಮೊದಲು ಎಷ್ಟು ಬೇಗ ಬಿಚ್ಚುತ್ತದೆ ಎಂದು ನೋಡಿ. ಬೀಗವೇ ಇಲ್ಲದ್ದು ಒಳ್ಳೆಯದು. ಬೀಗವಿದ್ದರೆ ಬೀಲಿಕೈ ಎರಡಿರಲಿ. ಪಟ್ಟಿ ಎರಡು ಇಂಚಾದರೂ ಅಗಲವಿರಲಿ. ಮೊದಲ ಸಲಕ್ಕೆ ವೆಲ್ಕ್ರೋ ಪಟ್ಟಿ ಸಾಕು, ಚರ್ರೆಂದು ಎಳೆದರೆ ಬಿಚ್ಚುತ್ತದೆ. ಬಕಲ್ ಇರುವ ತೊಗಲು ಚೆಂದ, ಬಾಳಿಕೆಯದು, ಆದರೆ ಬೆವರು ಕುಡಿದು ಗಟ್ಟಿಯಾಗುತ್ತದೆ; ಇಲ್ಲಿನ ಮೇ ತಿಂಗಳಲ್ಲಿ ಒರೆಸಿ ನೆರಳಿಗೆ ಒಣಹಾಕಿ. ಡೈವಿಂಗ್ ಸೂಟಿನ ಬಟ್ಟೆಯಾದ ನಿಯೋಪ್ರೀನ್ ತೊಳೆಯಲು ಸುಲಭ. ಪಟ್ಟಿಯೊಳಗೆ ಎರಡು ಬೆರಳು ಆಡುವಷ್ಟು ಸಡಿಲ ಬೇಕು. ದುಪ್ಪಟ್ಟಾ, ರೇಷ್ಮೆ ಸೀರೆ ಮೃದು ಎಂದು ಅನ್ನಿಸೀತು. ನನ್ನ ಮಟ್ಟಿಗೆ ಅವು ಇನ್ನೂ ಅಪಾಯ, ಎಳೆದಷ್ಟೂ ಗಂಟು ಬಿಗಿದು ಉಗುರಿಗೂ ಬಗ್ಗುವುದಿಲ್ಲ. ಏನು ಕಟ್ಟಿದರೂ ಬ್ಯಾಂಡೇಜ್ ಕತ್ತರಿಸುವ ಮೊಂಡು ತುದಿಯ ಕತ್ತರಿ ಕೈಗೆ ಸಿಗುವಂತಿರಲಿ. (ಇದೊಂದೇ ಈ ಆಟದಲ್ಲಿ ಇರಬೇಕಾದ ಕರ್ತರಿ.) ಕಟ್ಟಿದ ಕೈ ಮೇಲೆ ಮೈಭಾರ ಬೀಳಬಾರದು, ಕುತ್ತಿಗೆಗೆ ಏನೂ ಬೇಡ, ಕುಡಿದ ದಿನ ಆಟವೇ ಬೇಡ. ಬೆರಳು ತಣ್ಣಗಾದರೆ, ನೀಲಿಗಟ್ಟಿದರೆ, ಜುಮ್ಮೆಂದರೆ ಆ ಕ್ಷಣವೇ ಬಿಚ್ಚಿ.

ಮಲಯವತಿಗೆ ಇಲ್ಲದಿದ್ದದ್ದು ನಿಮಗಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, 2024ರಲ್ಲಿ ತೀರಿಕೊಂಡ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದರು. ಆದರೆ ಬಾಗಿಲ ಒಳಗೆ ನಡೆದದ್ದೆಲ್ಲ ಸರಿ ಎಂದು ಅದರ ಅರ್ಥವಲ್ಲ. ಹೆಣ್ಣು ಎದುರಿಸಿ ಹೋರಾಡಲಿಲ್ಲ ಎಂಬುದೇ ಒಪ್ಪಿಗೆಯಾಗುವುದಿಲ್ಲ ಎಂದು 2013ರ ತಿದ್ದುಪಡಿಯಲ್ಲಿ ಕಾನೂನು ಸ್ಪಷ್ಟಪಡಿಸಿತು. ಕೈ ಕಟ್ಟಿಸಿಕೊಂಡವರ ವಿಷಯದಲ್ಲಿ ಈ ಮಾತಿಗೆ ಎಷ್ಟು ತೂಕವಿದೆ ಯೋಚಿಸಿ. ನಿನ್ನೆ ಹೂಂ ಅಂದದ್ದು ಇವತ್ತಿಗೆ ಸಲ್ಲುವುದಿಲ್ಲ, ತಾಳಿಯೂ ಆ ಹೂಂಗೆ ಬದಲಿಯಲ್ಲ.

ಆಟದಲ್ಲಿ ‘ಬೇಡ ಬೇಡ’ ಎನ್ನುವುದು ನಾಟಕವೂ ಆಗಬಹುದು. ಅದಕ್ಕೇ ನಿಲ್ಲಿಸಲು ಬೇರೆಯೇ ಒಂದು ಮಾತು ಮೊದಲೇ ಗೊತ್ತು ಮಾಡಿಕೊಳ್ಳಿ. ಬಸ್‌ಸ್ಟಾಪಿನ ಹೆಸರಾದರೂ ಆದೀತು: ‘ಶಾಪುರ್‌ನಗರ’ ಎಂದೊಡನೆ ಪಟ್ಟಿ ಬಿಚ್ಚಬೇಕು, ಯಾಕೆಂದು ಕೇಳಬಾರದು. ‘ಸುಚಿತ್ರಾ’ ಮಾತ್ರ ಬೇಡ. ಸರ್ಕಲ್ ಎಂದು ಸೇರಿಸಲು ಮರೆತರೆ ಬೇರೆ ಜಗಳ ಶುರುವಾದೀತು. ಮಾತು ಬಾರದ ಹೊತ್ತಿಗೆ ಕಟ್ಟಿಸಿಕೊಂಡವರ ಕೈಯಲ್ಲಿ ಬೀಲಿಕೈ ಗೊಂಚಲು ಕೊಡಿ; ಅದು ನೆಲಕ್ಕೆ ಬಿತ್ತೆಂದರೆ ಆಟ ನಿಂತಿತು.

ಮರುದಿನವೂ ಹೆಬ್ಬೆರಳು ಜೋಮು ಹಿಡಿದಂತಿದ್ದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ. ಮಣಿಕಟ್ಟು ಎಷ್ಟು ಹೊತ್ತು ಬಿಗಿದಿತ್ತು ಎಂದಷ್ಟು ಹೇಳಿದರೆ ಅವರಿಗೆ ಸಾಕು.