ವಿದ್ಯಾನಗರಿಯ ಗಣಕಸೇವೆ

ಕನ್ನಡ ನಾಡಿನಲ್ಲಿ ವಿದ್ಯಾರ್ಥಿನಿಲಯಗಳ ಚರಿತ್ರೆಯನ್ನು ಬರೆಯಹೊರಟವರು ಬಹುಮಟ್ಟಿಗೆ ಅನ್ನದ ಚರಿತ್ರೆಯನ್ನೇ ಬರೆದಿದ್ದಾರೆ. ಅದು ಸಹಜವೇ ಸರಿ. ಏಕೆಂದರೆ ವಾರಾನ್ನದ ಮನೆಗಳನ್ನು ಸುತ್ತಿ ಓದಿದವರಿಗಾಗಲಿ, ಸಿದ್ಧಗಂಗೆಯ ದಾಸೋಹದ ಪಂಕ್ತಿಯಲ್ಲಿ ಕುಳಿತು ಉಂಡು ಓದಿದವರಿಗಾಗಲಿ, ಎರಡು ಹೊತ್ತಿನ ಊಟವೂ ಚಾಪೆ ಹಾಸುವಷ್ಟು ನೆಲವೂ ದೊರೆತರೆ ವಿದ್ಯೆಗೆ ಬೇಕಾದದ್ದೆಲ್ಲ ದೊರೆತಂತೆಯೇ ಇದ್ದಿತು. ಆದರೆ ಊಟ ವಸತಿಗಳ ಚಿಂತೆಯೇ ಇಲ್ಲದೆ, ಹೊಸದಾಗಿ ಕಟ್ಟಿದ ಭವ್ಯ ನಿಲಯಗಳಲ್ಲಿ ಹಲವು ದೇಶಗಳ ತರುಣ ತರುಣಿಯರು ನೆಲೆಸಿರುವ ಒಂದು ವಿದ್ಯಾಕ್ಷೇತ್ರದಲ್ಲಿ, ನಡುರಾತ್ರಿಯ ಹೊತ್ತಿಗೆ ಗಣಕಯಂತ್ರ ಕೈಕೊಟ್ಟರೆ, ಮರುದಿನ ಒಪ್ಪಿಸಬೇಕಾದ ಬರಹವು ಏಳು ಸಮುದ್ರಗಳಾಚೆಯ ಸರ್ವರಿನಲ್ಲಿ ಸಿಲುಕಿಕೊಂಡರೆ, ಆ ವಿದ್ಯಾರ್ಥಿಯ ಮೊರೆಯನ್ನು ಕೇಳುವವರು ಯಾರೆಂಬ ಪ್ರಶ್ನೆಯು ಅನ್ನದ ಪ್ರಶ್ನೆಯಷ್ಟೇ ಗುರುತರವಾದದ್ದು. ಕತಾರ್ ದೇಶದ ದೋಹಾ ನಗರದ ಅಂಚಿನಲ್ಲಿರುವ ಎಜುಕೇಶನ್ ಸಿಟಿ ಎಂಬ ವಿದ್ಯಾನಗರಿಯ ಗತಕಾಲವನ್ನು ಈ ಪ್ರಶ್ನೆಯ ಬಾಗಿಲಿನಿಂದ ಹೊಕ್ಕು ನೋಡಿದರೆ, ಕಟ್ಟಡಗಳ ವೈಭವದಲ್ಲಿ ಕಾಣದ ಒಂದು ಸಂಗತಿ ಕಾಣಬರುತ್ತದೆ.

ಆ ದೇಶದಲ್ಲಿ ಉನ್ನತ ವಿದ್ಯೆಯ ಚರಿತ್ರೆಯೇ ದೀರ್ಘವಾದದ್ದಲ್ಲ. 1973ರಲ್ಲಿ ಪುರುಷರಿಗೊಂದು, ಸ್ತ್ರೀಯರಿಗೊಂದು ಎಂದು ಎರಡು ಶಿಕ್ಷಣ ಕಾಲೇಜುಗಳು ಆರಂಭವಾದಾಗ ಅಲ್ಲಿ ಸೇರಿದವರು 57 ಮಂದಿ ವಿದ್ಯಾರ್ಥಿಗಳು, 93 ಮಂದಿ ವಿದ್ಯಾರ್ಥಿನಿಯರು. 1977ರಲ್ಲಿ ಅದೇ ಕತಾರ್ ವಿಶ್ವವಿದ್ಯಾನಿಲಯವಾಯಿತು. ಮೊದಲ ವರ್ಷದಿಂದಲೇ ಹೆಣ್ಣುಮಕ್ಕಳ ಸಂಖ್ಯೆ ಮಿಗಿಲಾಗಿದ್ದುದು ಗಮನಿಸತಕ್ಕ ವಿಷಯ. ವಿದ್ಯಾರ್ಥಿಗಳಿಗೂ ವಿದ್ಯಾರ್ಥಿನಿಯರಿಗೂ ಪ್ರತ್ಯೇಕ ಆವರಣಗಳಿರುವಲ್ಲಿ ಪ್ರಯೋಗಶಾಲೆ, ಪುಸ್ತಕಭಂಡಾರ ಮೊದಲಾದ ಸೌಕರ್ಯಗಳನ್ನು ಎರಡೆರಡಾಗಿ ಯೋಚಿಸಬೇಕಾಗುತ್ತದೆ. ಮುಂದೆ ಗಣಕಗಳು ಬಂದಾಗ ಅವೂ ಈ ನಿಯಮಕ್ಕೆ ಹೊರತಾಗುವಂತಿರಲಿಲ್ಲ. ದೂರವಾಣಿಯ ಹೊಣೆ ಹೊತ್ತ ಕ್ಯೂಟೆಲ್ ಸಂಸ್ಥೆ 1987ರಲ್ಲಿ ಸ್ಥಾಪಿತವಾಯಿತು. ಅದರ ಮೂಲಕ ಅಂತರ್ಜಾಲವು ಆ ದೇಶವನ್ನು ಮುಟ್ಟಿದ್ದು 1996ರಲ್ಲಿ, ಅಲ್ ಜಝೀರಾ ವಾಹಿನಿ ಪ್ರಸಾರವನ್ನಾರಂಭಿಸಿದ ವರ್ಷದಲ್ಲಿಯೇ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಐದು ಐಐಟಿಗಳೇ ಮೊದಲಾದ ಸಂಸ್ಥೆಗಳೊಡನೆ ಸೇರಿ ಅರ್ನೆಟ್ ಎಂಬ ಶೈಕ್ಷಣಿಕ ಜಾಲದ ಕಾರ್ಯವನ್ನು ಕೈಗೊಂಡದ್ದು 1986ರಲ್ಲಿ ಎಂಬುದನ್ನು ನೆನೆದರೆ, ನಮ್ಮಲ್ಲಿ ಜಾಲವು ಮೊದಲು ವಿದ್ವಾಂಸರ ಕೈಗೆ ಬಂದು ತರುವಾಯ ನಿಧಾನವಾಗಿ ಹಾಸ್ಟೆಲ್ಲಿನ ಕೋಣೆಗಳನ್ನು ತಲಪಿತೆಂಬುದೂ, ಕತಾರಿನಲ್ಲಿ ಆ ನಡುವಣ ಕಾಲವೇ ಬಹಳ ಮೊಟಕಾಗಿದ್ದಿತೆಂಬುದೂ ತಿಳಿಯುತ್ತದೆ.

1995ರಲ್ಲಿ ಕತಾರ್ ಫೌಂಡೇಶನ್ ಎಂಬ ಪ್ರತಿಷ್ಠಾನ ಸ್ಥಾಪಿತವಾಯಿತು. ಹೊಸ ವಿಶ್ವವಿದ್ಯಾನಿಲಯವೊಂದನ್ನು ಬೀಜದಿಂದ ಬೆಳೆಸುವುದಕ್ಕೆ ಬದಲಾಗಿ, ಪ್ರಸಿದ್ಧವಾದ ಪರದೇಶದ ವಿದ್ಯಾಸಂಸ್ಥೆಗಳ ಒಂದೊಂದು ಶಾಖೆಯನ್ನು ಕರೆತಂದು ಒಂದೇ ಆವರಣದಲ್ಲಿ ನೆಲೆಗೊಳಿಸುವುದು ಅದರ ಕ್ರಮ. 1998ರಲ್ಲಿ ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾನಿಲಯದ ಕಲಾಶಾಲೆ ಬಂದಿತು. 2001ರಲ್ಲಿ ವೈಲ್ ಕಾರ್ನೆಲ್ ವೈದ್ಯವಿದ್ಯಾಲಯದೊಡನೆ ಒಪ್ಪಂದವಾಯಿತು. 2003ರಲ್ಲಿ ಟೆಕ್ಸಾಸ್ ಎ ಅಂಡ್ ಎಂ, 2004ರಲ್ಲಿ ಕಾರ್ನೆಗಿ ಮೆಲನ್, 2005ರಲ್ಲಿ ಜಾರ್ಜ್‌ಟೌನ್, 2008ರಲ್ಲಿ ನಾರ್ತ್‌ವೆಸ್ಟರ್ನ್. ಬಂದ ಪ್ರತಿಯೊಂದು ಸಂಸ್ಥೆಯೂ ತನ್ನ ಪಠ್ಯಕ್ರಮ, ತನ್ನ ಪದವಿ, ತನ್ನ ಪರೀಕ್ಷಾವಿಧಿಗಳ ಜೊತೆಗೆ ತನ್ನ ಗಣಕವ್ಯವಸ್ಥೆಯನ್ನೂ ತಂದಿತು. ಆದರೆ ವಿದ್ಯಾರ್ಥಿನಿಲಯಗಳು ಆಯಾ ವಿಶ್ವವಿದ್ಯಾನಿಲಯದವಾಗಿರದೆ ಪ್ರತಿಷ್ಠಾನದ ಅಧೀನದಲ್ಲಿ ಎಲ್ಲರಿಗೂ ಸಮಾನವಾಗಿದ್ದುವು. ಹೀಗಾಗಿ ಒಂದೇ ನಿಲಯದಲ್ಲಿ ವೈದ್ಯವನ್ನು ಓದುವವಳೂ ಇಂಜಿನಿಯರಿಂಗ್ ಓದುವವಳೂ ನೆರೆಹೊರೆಯವರಾಗಿದ್ದು, ಒಬ್ಬಳ ಪಾಸ್‌ವರ್ಡು ನ್ಯೂಯಾರ್ಕಿನ ಸಂಪ್ರದಾಯಕ್ಕೂ ಮತ್ತೊಬ್ಬಳದು ಟೆಕ್ಸಾಸಿನ ಸಂಪ್ರದಾಯಕ್ಕೂ ಸೇರಿ, ಇಬ್ಬರ ಕೋಣೆಗೂ ಬರುವ ಜಾಲ ಮಾತ್ರ ಮೂರನೆಯವರ ಆಡಳಿತಕ್ಕೆ ಒಳಪಟ್ಟಿರುವ ವಿಚಿತ್ರ ಸನ್ನಿವೇಶವುಂಟಾಯಿತು. ಒಂದು ಸಂಸ್ಥೆಯ ವಿದ್ಯಾರ್ಥಿ ಇನ್ನೊಂದರಲ್ಲಿ ಒಂದೆರಡು ವಿಷಯಗಳನ್ನು ಓದಲು ಅವಕಾಶವಿದ್ದುದರಿಂದ ಈ ತೊಡಕು ಹಗಲಿನ ಹೊತ್ತಿಗೂ ಹಬ್ಬಿತು.

ಇವುಗಳಲ್ಲಿ ಕಾರ್ನೆಗಿ ಮೆಲನ್ ತಂದ ಗಣಕಪರಂಪರೆಯು ವಿಶೇಷವಾದ ಪರಿಶೀಲನೆಗೆ ಅರ್ಹವಾಗಿದೆ. 1982ರಲ್ಲಿ ಆ ವಿಶ್ವವಿದ್ಯಾನಿಲಯವು ಪಿಟ್ಸ್‌ಬರ್ಗಿನಲ್ಲಿ ಐಬಿಎಂ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು, ವಿದ್ಯಾರ್ಥಿಯು ಆವರಣದ ಯಾವ ಯಂತ್ರದ ಮುಂದೆ ಕುಳಿತರೂ ತನ್ನ ಕಡತಗಳು ತನಗೆ ದೊರೆಯುವಂತಾಗಬೇಕೆಂಬ ಸಂಕಲ್ಪದಿಂದ ಒಂದು ಮಹಾಯೋಜನೆಯನ್ನು ಕೈಗೊಂಡಿತು. ಸಂಸ್ಥೆಯ ಹೆಸರಿಗೆ ಕಾರಣರಾದ ಕಾರ್ನೆಗಿ, ಮೆಲನ್ ಎಂಬ ಇಬ್ಬರು ದಾತೃಗಳ ಹೆಸರೂ ಆಂಡ್ರೂ ಆಗಿದ್ದುದರಿಂದ ಯೋಜನೆಗೂ ಅದೇ ಹೆಸರಾಯಿತು. ಅದರ ಅಂಗವಾಗಿ ಹುಟ್ಟಿದ ಆಂಡ್ರೂ ಕಡತವ್ಯವಸ್ಥೆಯ ನಿರ್ಮಾಪಕರಲ್ಲಿ ಅಗ್ರಗಣ್ಯರು ಮದರಾಸಿನ ಐಐಟಿಯಲ್ಲಿ ಓದಿ ಹೋದ ಮಹಾದೇವ ಸತ್ಯನಾರಾಯಣನ್. ಅದರ ತತ್ತ್ವ ಸರಳವಾದುದು. ವಿದ್ಯಾರ್ಥಿಯು ಒಂದು ಕಡತವನ್ನು ತೆರೆದೊಡನೆ ಅದರ ಪ್ರತಿಯು ದೂರದ ಸರ್ವರಿನಿಂದ ಅವನ ಮುಂದಿನ ಯಂತ್ರಕ್ಕೆ ಬಂದು ಅಲ್ಲಿಯೇ ಉಳಿಯುತ್ತದೆ. ಬೇರಾರಾದರೂ ಅದನ್ನು ತಿದ್ದಿದರೆ ತಿಳಿಸುವೆನೆಂದು ಸರ್ವರು ಮಾತು ಕೊಟ್ಟಿರುತ್ತದೆ. ಆ ಸೂಚನೆ ಬಾರದಿರುವವರೆಗೆ ಮತ್ತೆ ಮತ್ತೆ ಸರ್ವರನ್ನು ಕೇಳುವ ಅವಶ್ಯಕತೆಯಿಲ್ಲ. ಪುಸ್ತಕಭಂಡಾರದಿಂದ ಮನೆಗೊಯ್ದ ಗ್ರಂಥವನ್ನು, ಹೊಸ ಮುದ್ರಣ ಬಂದಿತೆಂದು ಗ್ರಂಥಪಾಲಕನು ಹೇಳಿಕಳುಹಿಸುವವರೆಗೆ, ನಿಶ್ಚಿಂತೆಯಿಂದ ಓದುವಂತೆ ಇದು. ಒಂದು ಆವರಣದ ಸಾವಿರಾರು ವಿದ್ಯಾರ್ಥಿಗಳಿಗಾಗಿ ಕಲ್ಪಿಸಿದ ಈ ಉಪಾಯವು ಎರಡು ದಶಕಗಳ ತರುವಾಯ ಸಹಸ್ರಾರು ಕಿಲೋಮೀಟರುಗಳ ಅಂತರದಲ್ಲಿಯೂ ಉಪಯೋಗಕ್ಕೆ ಬಂದಿತು.

ಆದರೂ ಅಂತರವೆಂಬುದು ಅಂತರವೇ. ದೋಹಾದಿಂದ ಪಿಟ್ಸ್‌ಬರ್ಗಿಗೆ ಸುಮಾರು 11,000 ಕಿಲೋಮೀಟರು. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಸಾಗುವುದರಿಂದ, ತಂತಿಯನ್ನು ನೇರವಾಗಿ ಎಳೆದಿದ್ದರೂ ಒಂದು ಪ್ರಶ್ನೆ ಹೋಗಿ ಉತ್ತರ ಬರಲು ಸೆಕೆಂಡಿನ ಹತ್ತನೆಯ ಒಂದು ಭಾಗವಾದರೂ ಬೇಕು. ಸಮುದ್ರದ ತಂತಿಗಳು ನೇರವಾಗಿ ಹೋಗುವುದಿಲ್ಲವಾದ್ದರಿಂದ ವಸ್ತುತಃ ಇನ್ನೂ ಹೆಚ್ಚು ಬೇಕು. ಒಂದು ಸಲಕ್ಕೆ ಇದು ಏನೂ ಅಲ್ಲ; ಆದರೆ ಒಂದು ಕಾರ್ಯಕ್ಕೆ ನೂರು ಸಲ ಹೋಗಿಬರುವ ತಂತ್ರಾಂಶಕ್ಕೆ ಅದು ಹತ್ತು ಸೆಕೆಂಡುಗಳ ಸ್ತಂಭನ. ಆದುದರಿಂದ ಕಾರ್ನೆಗಿ ಮೆಲನ್ ಸಂಸ್ಥೆಯು ಮೂಲವ್ಯವಸ್ಥೆಯೊಂದನ್ನೇ ನೆಚ್ಚಿಕೊಳ್ಳದೆ, ಆ ಕಡತವ್ಯವಸ್ಥೆಯ ಪರಿಭಾಷೆಯಲ್ಲಿ ಕೋಶವೆಂದು ಕರೆಯುವ ಸ್ವತಂತ್ರ ಘಟಕವೊಂದನ್ನು ಕತಾರಿನ ಹೆಸರಿನಲ್ಲಿಯೇ ಸ್ಥಾಪಿಸಿಕೊಂಡಿತು. ನನ್ನ ಎಣಿಕೆಯಲ್ಲಿ ಶಾಖೆಯೊಂದು ತಾನೇ ಒಂದು ಮನೆಯಾಗತೊಡಗಿದುದಕ್ಕೆ ಇದಕ್ಕಿಂತ ನಿಚ್ಚಳವಾದ ಗುರುತು ಬೇರೊಂದಿಲ್ಲ.

ಪಂಚಾಂಗದ ತೊಡಕು ಬೆಳಕಿನ ತೊಡಕಿಗಿಂತ ದೊಡ್ಡದಾಗಿದ್ದಿತು. ಕತಾರಿನಲ್ಲಿ ಶುಕ್ರವಾರ, ಶನಿವಾರಗಳು ರಜೆ. ಭಾನುವಾರ ವಾರದ ಮೊದಲ ಕೆಲಸದ ದಿನ. ಚಳಿಗಾಲದ ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ದೋಹಾದ ವಿದ್ಯಾರ್ಥಿಯು ತರಗತಿಗೆ ಹೊರಟಾಗ ಪಿಟ್ಸ್‌ಬರ್ಗಿನಲ್ಲಿ ಶನಿವಾರ ಕಳೆದು ನಡುರಾತ್ರಿಯಾಗಿರುತ್ತದೆ. ಅಲ್ಲಿ ಕಚೇರಿ ತೆರೆಯುವುದು ಸೋಮವಾರ, ಇಲ್ಲಿ ಸಂಜೆಯಾಗುವ ವೇಳೆಗೆ. ಎರಡೂ ಕಡೆ ಕೆಲಸ ನಡೆಯುವ ದಿನಗಳು ವಾರದಲ್ಲಿ ನಾಲ್ಕೇ. ದೂರದಿಂದಲೇ ಎಲ್ಲವನ್ನೂ ನಡೆಸಬಹುದೆಂದು ಯಾರು ಎಣಿಸಿದ್ದರೂ ಈ ಲೆಕ್ಕದ ಮುಂದೆ ಆ ಎಣಿಕೆ ನಿಲ್ಲುವಂತಿರಲಿಲ್ಲ; ಬೀಗ ಬಿದ್ದ ಖಾತೆಯನ್ನು ತೆರೆಯಬಲ್ಲ ಅಧಿಕಾರವಿರುವ ಮನುಷ್ಯನು ದೋಹಾದಲ್ಲಿಯೇ, ಭಾನುವಾರವೇ, ಎಚ್ಚರವಾಗಿಯೇ ಇರಬೇಕಾಗಿದ್ದಿತು.

ಸಮುದ್ರವು ಕಲಿಸಿದ ಪಾಠ 2008ರದು. ಆ ವರ್ಷದ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಬಳಿ ಎರಡು ಸಾಗರತಂತಿಗಳು ತುಂಡಾದುವು. ಫೆಬ್ರವರಿ 1ರಂದು ದುಬೈ ಸಮೀಪದಲ್ಲಿ ಫಾಲ್ಕನ್ ಎಂಬ ತಂತಿಯು, ಯಾವುದೋ ಹಡಗು ಬಿಟ್ಟುಹೋದ ಟನ್ನುಗಟ್ಟಲೆ ತೂಕದ ಲಂಗರಿಗೆ ಸಿಕ್ಕಿ ಕಡಿಯಿತು. ಫೆಬ್ರವರಿ 3ರಂದು ಕತಾರಿನ ಹಾಲೂಲ್ ದ್ವೀಪಕ್ಕೂ ಎಮಿರೇಟ್ಸಿನ ದಾಸ್ ದ್ವೀಪಕ್ಕೂ ನಡುವಣ ತಂತಿಯು ವಿದ್ಯುತ್ತಿನ ದೋಷದಿಂದ ನಿಂತಿತು. ಭಾರತದ ಅಂತರ್ಜಾಲವೂ ಅದೇ ವಾರ ಏದುಸಿರು ಬಿಟ್ಟುದನ್ನು ಆಗ ಬೆಂಗಳೂರಿನ ಕಂಪನಿಗಳಲ್ಲಿ ದುಡಿಯುತ್ತಿದ್ದವರು ಮರೆತಿರಲಾರರು. ಪಠ್ಯ, ಅಂಚೆ, ಗ್ರಂಥಭಂಡಾರ ಎಲ್ಲವನ್ನೂ ಸಾಗರದಾಚೆ ಇಟ್ಟುಕೊಂಡ ವಿದ್ಯಾನಗರಿಗೆ ಇಂತಹ ವಾರವೊಂದು ಎಷ್ಟು ದೀರ್ಘವೆಂಬುದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ವೈದ್ಯವಿದ್ಯಾಲಯದಲ್ಲಂತೂ ಮೊದಲ ವರ್ಷಗಳಲ್ಲಿ ನ್ಯೂಯಾರ್ಕಿನ ಅಧ್ಯಾಪಕರ ಉಪನ್ಯಾಸಗಳೇ ದೃಶ್ಯರೂಪದಲ್ಲಿ ಬರುತ್ತಿದ್ದುದುಂಟು.

ಇನ್ನು ಸಹಾಯಪೀಠದ, ಎಂದರೆ ಎಲ್ಲರ ಬಾಯಲ್ಲಿರುವ ಹೆಲ್ಪ್‌ಡೆಸ್ಕಿನ ಮಾತು. ಅಲ್ಲಿಗೆ ಬರುವ ಕೀಲಿಮಣೆಯನ್ನು ಹತ್ತಿರದಿಂದ ನೋಡಿದರೆ ಒಂದೊಂದು ಗುಂಡಿಯ ಮೇಲೂ ಎರಡು ಲಿಪಿಗಳು: ಎಡಗಡೆ ರೋಮನ್ ಅಕ್ಷರ, ಬಲಗಡೆ ಅರಬ್ಬಿ ಅಕ್ಷರ. ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಲಿಪಿ ಬದಲಾಗುತ್ತದೆ, ಸಾಲು ಬಲದಿಂದ ಎಡಕ್ಕೆ ಹರಿಯತೊಡಗುತ್ತದೆ. ಅರಬ್ಬಿಯಲ್ಲಿ ಪತ್ರ ಬರೆದು, ಲಿಪಿಯನ್ನು ಹಿಂದಿರುಗಿಸಲು ಮರೆತು, ಪಾಸ್‌ವರ್ಡನ್ನು ಟೈಪು ಮಾಡಿದರೆ ಪರದೆಯ ಮೇಲೆ ಕಾಣುವುದು ಚುಕ್ಕೆಗಳೇ ಆದ್ದರಿಂದ ತಪ್ಪು ತಿಳಿಯುವುದಿಲ್ಲ. ನಾಲ್ಕಾರು ಸಲ ಹೀಗಾದರೆ ಖಾತೆಗೆ ಬೀಗ ಬೀಳುತ್ತದೆ. ನುಡಿ, ಬರಹ ಎಂಬ ತಂತ್ರಾಂಶಗಳಲ್ಲಿ ಕನ್ನಡ ಬರೆದು ರೂಢಿಯಿರುವ ನಮ್ಮವರಿಗೆ ಈ ಸಂಕಟ ಹೊಸದಲ್ಲ. ಅಮೆರಿಕೆಯಿಂದ ತಂದ ಯಂತ್ರವನ್ನು ಅಲ್ಲಿಯ 120 ವೋಲ್ಟಿಗೆ ಮಾತ್ರ ಮಾಡಿದ್ದರೆ ಕತಾರಿನ 240 ವೋಲ್ಟಿನ ಗೋಡೆಗೆ ಚುಚ್ಚಿದ ಕ್ಷಣವೇ ಅದರ ಆಯುಸ್ಸು ಮುಗಿಯಿತು. ಲ್ಯಾಪ್‌ಟಾಪುಗಳ ಚಾರ್ಜರು ಎರಡನ್ನೂ ತಾಳಿಕೊಳ್ಳುತ್ತದೆ, ಆದರೆ ಅದರ ಚಪ್ಪಟೆ ಮುಳ್ಳುಗಳು ಅಲ್ಲಿಯ ಮೂರು ಕಾಲಿನ ಕಿಂಡಿಗೆ ಕೂಡುವುದಿಲ್ಲ. ವಾಯವ್ಯದಿಂದ ಬೀಸುವ ಶಮಾಲ್ ಗಾಳಿಯು ಹೊತ್ತು ತರುವ ಹಿಟ್ಟಿನಂತಹ ಧೂಳು ಯಂತ್ರದ ಪುಟ್ಟ ಬೀಸಣಿಗೆಯೊಳಗೆ ಹೆಪ್ಪುಗಟ್ಟುತ್ತದೆ, ಯಂತ್ರ ಕಾದು ತಾನಾಗಿಯೇ ನಿಲ್ಲುತ್ತದೆ; ಬೇಸಿಗೆಯಲ್ಲಿ ಹೊರಗೆ 45 ಡಿಗ್ರಿಯನ್ನು ಮೀರುವ ಬಿಸಿಲು.

ಈ ಚಿಕ್ಕ ಚಿಕ್ಕ ಸಂಕಟಗಳ ಪರಿಹಾರವೇ ಗಣಕಸೇವೆಯ ನಿತ್ಯಕರ್ಮ. ಯಾವ ಶಿಲಾಶಾಸನದಲ್ಲಿಯೂ ಇದು ನಿಲ್ಲುವುದಿಲ್ಲ. ಮೆಕ್ಸಿಕೋದ ಲೆಗೊರೆಟಾ, ಜಪಾನಿನ ಇಸೊಝಾಕಿ ಮುಂತಾದ ಶಿಲ್ಪಿಗಳ ಹೆಸರು ಆ ಕಟ್ಟಡಗಳೊಡನೆ ಉಳಿಯುತ್ತದೆ, ಗೋಡೆಯೊಳಗೆ ತಂತಿ ಎಳೆದವರ ಹೆಸರು ಉಳಿಯುವುದಿಲ್ಲ. ಕತಾರಿನಲ್ಲಿರುವ ಪರದೇಶೀಯರಲ್ಲಿ ಭಾರತೀಯರೇ ಅತ್ಯಧಿಕರು. ಮಂಗಳೂರು ಉಡುಪಿಗಳ ಕಡೆಯವರು ಅಲ್ಲಿ ದಶಕಗಳಿಂದ ನೆಲೆಸಿ, ಕರ್ನಾಟಕ ಸಂಘವನ್ನೂ ತುಳು ಕೂಟವನ್ನೂ ಕಟ್ಟಿಕೊಂಡಿದ್ದಾರೆ. ಆ ದೇಶದ ಯಂತ್ರಗಳನ್ನೂ ಜಾಲಗಳನ್ನೂ ನಡೆಸುವ ಕೈಗಳಲ್ಲಿ ನಮ್ಮ ದೇಶದ ಕೈಗಳು ಎಷ್ಟೋ ಇವೆಯೆಂಬುದನ್ನು ನೆನೆದಾಗ, ಈ ನಿತ್ಯಕರ್ಮದ ಚರಿತ್ರೆಯನ್ನು ಕನ್ನಡದಲ್ಲಿ ಬರೆಯುವುದು ಅನುಚಿತವಲ್ಲವೆಂದು ನಾನು ಭಾವಿಸಿದ್ದೇನೆ.

ಅಮೆರಿಕೆಯ ವಿದ್ಯಾರ್ಥಿನಿಲಯಗಳಲ್ಲಿ ಒಂದು ಕಾಲಕ್ಕೆ ತಲೆದಿಂಬಿಗೊಂದು ಜಾಲದ ಕಿಂಡಿಯಿರಬೇಕೆಂಬ ಮಾತು ಘೋಷವಾಕ್ಯದಂತೆ ನಡೆದಿದ್ದಿತು. ದೋಹಾದ ನಿಲಯಗಳು ತುಂಬುವ ಹೊತ್ತಿಗೆ ಆ ಘೋಷದ ಕಾಲವೇ ಮುಗಿಯುತ್ತಿದ್ದಿತು. ಪಿಟ್ಸ್‌ಬರ್ಗಿನಲ್ಲಿ ಅಲೆಕ್ಸ್ ಹಿಲ್ಸ್ ಅವರ ನಾಯಕತ್ವದಲ್ಲಿ, ವೈಫೈಗೆ 1997ರಲ್ಲಿ ನಿಯಮಗಳು ಸಿದ್ಧವಾಗುವುದಕ್ಕೂ ಮೊದಲೇ, ತಂತಿಯಿಲ್ಲದ ಆಂಡ್ರೂ ಜಾಲದ ಕಾರ್ಯ ತೊಡಗಿದ್ದಿತಷ್ಟೆ. ಮುಂದೆ ಎಜುರೋಮ್ ಎಂಬ ಅಂತರರಾಷ್ಟ್ರೀಯ ಏರ್ಪಾಡು, ಒಂದು ಸಂಸ್ಥೆಯ ಗುರುತಿನಿಂದಲೇ ಇನ್ನೊಂದರ ಜಾಲವನ್ನು ಹೊಗುವ ಹಾದಿಯನ್ನು ತೆರೆಯಿತು. ಅಕ್ಕಪಕ್ಕದ ಕಟ್ಟಡಗಳಲ್ಲಿ ಹಲವು ವಿಶ್ವವಿದ್ಯಾನಿಲಯಗಳಿರುವ ಕಡೆ ಅದರ ಬೆಲೆ ಬೇರೆಲ್ಲಿಗಿಂತ ಹೆಚ್ಚು.

ಆಪತ್ತುಗಳೂ ಬಂದುವು. 2012ರ ಆಗಸ್ಟಿನಲ್ಲಿ ಸೌದಿಯ ತೈಲಕಂಪನಿ ಅರಾಮ್ಕೊದ ಮೂವತ್ತು ಸಾವಿರದಷ್ಟು ಯಂತ್ರಗಳನ್ನು ಶಮೂನ್ ಎಂಬ ವೈರಸ್ಸು ನಿಷ್ಕ್ರಿಯಗೊಳಿಸಿದ ಕೆಲವೇ ದಿನಗಳಲ್ಲಿ ಕತಾರಿನ ರಾಸ್‌ಗ್ಯಾಸ್ ಕಂಪನಿಯ ಕಚೇರಿಜಾಲವೂ ವೈರಸ್ಸಿನ ದಾಳಿಗೆ ತುತ್ತಾಯಿತು. 2017ರ ಮೇ 24ರಂದು ಕತಾರಿನ ವಾರ್ತಾಸಂಸ್ಥೆಯ ತಾಣವನ್ನು ಯಾರೋ ಭೇದಿಸಿ ಅಮೀರರ ಹೆಸರಿನಲ್ಲಿ ಸುಳ್ಳು ಮಾತುಗಳನ್ನು ಪ್ರಕಟಿಸಿದರು. ಅದರ ಬೆನ್ನಿಗೇ ಜೂನ್ 5ರಂದು ನೆರೆಯ ರಾಷ್ಟ್ರಗಳು ಸಂಬಂಧವನ್ನು ಕಡಿದುಕೊಂಡುವು, ಸೌದಿ, ಎಮಿರೇಟ್ಸ್, ಬಹರೈನ್‌ಗಳು ತಮ್ಮ ಪ್ರಜೆಗಳು 14 ದಿನಗಳೊಳಗೆ ಕತಾರನ್ನು ಬಿಡಬೇಕೆಂದು ವಿಧಿಸಿದುವು. ಪಾಸ್‌ವರ್ಡಿನ ಕಾಪು ಗಣಕಶಾಸ್ತ್ರಜ್ಞರ ಚಿಂತೆ ಮಾತ್ರವೆಂದು ಅಂದಿನಿಂದ ಅಲ್ಲಿ ಯಾರೂ ಎಣಿಸಿರಲಾರರು. 2020ರ ಮಾರ್ಚ್ 10ರಿಂದ ಮಹಾಮಾರಿಯ ನಿಮಿತ್ತ ವಿಶ್ವವಿದ್ಯಾನಿಲಯಗಳ ಬಾಗಿಲು ಮುಚ್ಚಿ, ಅದೇ ತಿಂಗಳಲ್ಲಿ ಹೊರಗಿನಿಂದ ಬರುವ ವಿಮಾನಗಳೂ ನಿಂತುವು. ತರಗತಿಯು ಕೋಣೆಯೊಳಗೇ ಬಂದು, ನಿಲಯದ ಜಾಲವೇ ಪಾಠಶಾಲೆಯ ಗೋಡೆಯೂ ಛಾವಣಿಯೂ ಆಯಿತು.

ಕರೆತಂದ ಶಾಖೆಗಳೆಲ್ಲವೂ ಉಳಿಯುವುದಿಲ್ಲವೆಂಬುದು ಈ ಚರಿತ್ರೆಯ ಇತ್ತೀಚಿನ ಅಧ್ಯಾಯ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಕತಾರ್ ಶಾಖೆ 2020ರಲ್ಲಿ ಮುಚ್ಚಿತು. ಟೆಕ್ಸಾಸ್ ಎ ಅಂಡ್ ಎಂ ಶಾಖೆಯನ್ನು 2028ರೊಳಗೆ ಮುಗಿಸಬೇಕೆಂದು ಅದರ ಆಡಳಿತಮಂಡಲಿಯು 2024ರ ಫೆಬ್ರವರಿಯಲ್ಲಿ ನಿರ್ಣಯಿಸಿತು. ಕಟ್ಟಡ ಉಳಿಯುತ್ತದೆ, ಅದಕ್ಕೆ ಬೇರೆ ನಿವಾಸಿಗಳು ಬರುತ್ತಾರೆ. ಆದರೆ ಇಂಜಿನಿಯರಿಂಗ್ ಓದಿ ಹೋದವರ ಅಂಚೆಪೆಟ್ಟಿಗೆಗಳು, ಪ್ರಬಂಧಗಳು, ಸಂಶೋಧನೆಯ ಲೆಕ್ಕಾಚಾರಗಳು ಯಾವ ಸರ್ವರಿನಲ್ಲಿ, ಯಾರ ಹೊಣೆಯಲ್ಲಿ, ಎಷ್ಟು ವರ್ಷ ಇರತಕ್ಕದ್ದೆಂಬುದನ್ನು ಒಂದೊಂದಾಗಿ ತೀರ್ಮಾನಿಸಿ ಸಾಗಿಸುವ ಕೆಲಸ ಗಣಕಸೇವೆಯವರದೇ. ಅಲ್ಲಿಯವರೆಗೆ, ಈಗಾಗಲೇ ಸೇರಿರುವ ವಿದ್ಯಾರ್ಥಿಗಳ ಯಂತ್ರಗಳು ಎಂದಿನಂತೆಯೇ ಕೆಡುತ್ತವೆ. ಕಡೆಯ ತಂಡ ಪದವಿ ಪಡೆಯುವ ತನಕ ಸಹಾಯಪೀಠದ ಹಿಂದೆ ಒಬ್ಬರು ಕುಳಿತಿರಲೇಬೇಕು, ಭಾನುವಾರವೂ ಸೇರಿದಂತೆ.